ಸಂತೆ ದಿನದ ಬೂಷ್ಟು

ಮೇಣದ ಬತ್ತಿಯನ್ನು ಊದಿ ಆರಿಸಿ, ಅದರ ಹೊಗೆಯನ್ನು ಗಾಳಿ ಪೆಟ್ಟಿಗೆಯ ಬಲಮೂಲೆಗೆ ಹಿಡಿದೆ. ಹೊಗೆ ನೂಲು ಎಳೆದಂತೆ ನೇರವಾಗಿ ನನ್ನ ಕಡೆ ಬಂತು. ಸ್ವಲ್ಪ ಈಚೆಗೆ ತಂದೆ. ಅಲ್ಲೂ ನೇರ. ಎಡಭಾಗಕ್ಕೆ ತಂದಾಗ ಮಾತ್ರ ಅದು ಎದ್ದು ಹೋಗಲು ಮನಸ್ಸಿಲ್ಲದ ನೆಂಟರ ಹಾಗೆ ಅಲ್ಲೇ ಸುತ್ತಿ ಸುಳಿದು ಮತ್ತೆ ಒಳಗೇ ಹೋಯಿತು.

"ಇನ್ನೊಂದ್ಸಲ ಹಿಡೀರಿ ಮೇಡಂ," ಎಂದರು ಅಣಬೆ ಯಜಮಾನರು.

ಹಿಡಿದೆ. ಮತ್ತೆ ಅದೇ ಆಯಿತು.

ಅವರ ಹೆಂಡತಿ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ ಒಂದು ಬೇಸಿಗೆ ಪೂರ್ತಿ ಕಳೆದಿತ್ತು. ತಾನಾಗೇ ಹೋಗಿದ್ದಾಳೆ ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಬದುಕಿದ್ದಾಳೋ ಇಲ್ಲವೋ, ಅಷ್ಟು ಹೇಳಿದರೆ ಸಾಕು ಎಂದು ಯಜಮಾನರು ನನ್ನಲ್ಲಿಗೆ ಬಂದಿದ್ದರು.

ಸುಟ್ಟ ಅಂಗಡಿ, ಸುಟ್ಟ ಗೋದಾಮು ನೋಡಿ ಇನ್ಶೂರೆನ್ಸ್ ಕಂಪನಿಗೆ ಕಾರಣ ಹೇಳುವುದು ನನ್ನ ಹಳೆಯ ಕೆಲಸ. ಅದು ಬಿಟ್ಟು ಪತ್ತೇದಾರಿಕೆಗೆ ಇಳಿದರೂ ಜನ ನನ್ನನ್ನು ಬೆಂಕಿ ಮೇಡಂ ಎಂದೇ ಕರೆಯುತ್ತಾರೆ. ಹೆಸರಿಗೆ ತಕ್ಕ ಹಾಗೆ ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಕೇಳಿದ್ದಕ್ಕೆಲ್ಲ 'ನಂಗೇನು ಗೊತ್ತು' ಎನ್ನುವ ಈ ಮನುಷ್ಯನ ಮೇಲೆ ಮೊದಲ ದಿನದಿಂದಲೂ ನನಗೆ ಸಿಟ್ಟಿತ್ತು. ಸಂಶಯವೂ ಇತ್ತು, ಅದನ್ನೇನು ಮುಚ್ಚಿಡುವುದು. ಹೆಂಡತಿ ಕಾಣೆಯಾದರೆ ಮೊದಲು ಗಂಡನ ಮುಖ ನೋಡುವವಳು ನಾನು.

ಆದರೆ ಹೋದ ಸಲ ಬಾಗಿಲವರೆಗೆ ಕಳಿಸಲು ಬಂದವರು ಒಂದು ಮಾತು ಅಂದರು. "ಯಾಕೋ ಈಚೆಗೆ ಸಂತೆ ದಿನ ಹಾಕಿದ ಅಣಬೆ ತಟ್ಟೆಗಳು ನಂಗೆ ಆಗಿ ಬರ್ತಿಲ್ಲ ಮೇಡಂ. ಬೇರೆ ದಿನದ್ದು ಚೆನ್ನಾಗೇ ಬರುತ್ತೆ. ಸಂತೆ ದಿನದ್ದು ಮಾತ್ರ ಬೂಷ್ಟು." ತಮ್ಮ ಗ್ರಹಚಾರದ ಬಗ್ಗೆ ಹೇಳುವ ದನಿಯಲ್ಲಿ ಹೇಳಿದರು. ಗ್ರಹಚಾರಕ್ಕೆ ವಾರ ಗೊತ್ತಿರುವುದನ್ನು ನಾನು ಎಲ್ಲೂ ಕಂಡಿಲ್ಲ. ಅದಕ್ಕೇ ಈ ಸಂತೆ ದಿನ, ಅವರು ಅಣಬೆ ಬೀಜದ ಚೀಲಗಳನ್ನು ಮಾರಿ ಹಿಂತಿರುಗುವ ಹೊತ್ತಿಗೆ ನಾನೂ ಬಂದು, ಅವರ ಜೊತೆಯಲ್ಲೇ ಒಳಗೆ ಕಾಲಿಟ್ಟಿದ್ದೆ.

ಅಣಬೆ ಬೀಜ ಮಾಡುವವರಿಗೆ ಗಾಳಿಯಷ್ಟು ದೊಡ್ಡ ಶತ್ರು ಇಲ್ಲ. ಕಣ್ಣಿಗೆ ಕಾಣದ ಬೂಷ್ಟಿನ ಕಣ ಒಂದು, ಅಣಬೆಯ ಎಳೆ ಬೆಳೆಸುವ ತಟ್ಟೆಗೆ ಬಿದ್ದರೂ ಸಾಕು, ಬಿಳಿ ಹತ್ತಿಯ ಹಾಗೆ ಹಬ್ಬಬೇಕಾದದ್ದು ಹಸಿರಾಗಿ ಕೊಳೆಯುತ್ತದೆ. ಅದಕ್ಕೆ ಈ ಗಾಳಿ ಪೆಟ್ಟಿಗೆ. ಹಿಂದಿರುವ ಎರಡು ಬ್ಲೋವರುಗಳು ಕೋಣೆಯ ಗಾಳಿ ಎಳೆದು, ಮುಂದಿನ ಎರಡು ದಪ್ಪ ಫಿಲ್ಟರುಗಳಲ್ಲಿ ಸೋಸಿ, ಕೆಲಸಕ್ಕೆ ಕೂತವರ ಎದೆಯ ಕಡೆಗೆ ಸಮವಾಗಿ ತಳ್ಳುತ್ತವೆ. ಆ ಶುದ್ಧ ಗಾಳಿಯ ಮುಂದೆ ತಟ್ಟೆ ತೆರೆದರೆ ಭಯವಿಲ್ಲ.

ಅಂಗಡಿಯಲ್ಲಿ ಇದೇ ಪೆಟ್ಟಿಗೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇದು ಯಜಮಾನರ ಹೆಂಡತಿ ಮನೆಯಲ್ಲೇ ಪ್ಲೈವುಡ್ಡಿನಲ್ಲಿ ಮಾಡಿದ್ದು. ದೊಡ್ಡ ಫಿಲ್ಟರು ಕೊಳ್ಳಲಾಗದೆ ಎರಡು ಸಣ್ಣವನ್ನು ಪಕ್ಕಪಕ್ಕ ಇಟ್ಟು, ನಡುವೆ ಹಲಗೆ ಹೊಡೆದಿದ್ದಳು. ಎಡ ಬ್ಲೋವರಿನ ಗಾಳಿ ಎಡಕ್ಕೆ, ಬಲದ್ದು ಬಲಕ್ಕೆ. ಹೊರಗಿನಿಂದ ಒಂದೇ ಪೆಟ್ಟಿಗೆ, ಒಳಗೆ ಎರಡು ಸಂಸಾರ.

"ನೀವು ಯಾವತ್ತಾದ್ರೂ ಇದನ್ನ ಬಿಚ್ಚಿದ್ದೀರಾ?"

"ನಾನಾ? ಪೆಟ್ಟಿಗೆ ಅವಳದು ಮೇಡಂ. ನಾನು ಕುಕ್ಕರ್ ಕಾಯೋನು. ಅಣಬೆ ಹಬ್ಬಿಸೋ ಕಾಳು ಬೇಯಿಸಿ ಕೊಟ್ರೆ ನನ್ನ ಕೆಲಸ ಮುಗೀತು. ಇಲ್ಲಿ ಕೂತು ಸೂಜಿ ಹಿಡಿದು ಅಣಬೆ ಎಳೆ ತಟ್ಟೆಗಿಡೋಳು ಅವಳು. ಅವಳ ಕೈಗುಣ ಹಾಗಿತ್ತು. ಒಂದು ತಟ್ಟೆ ಕೆಡ್ತಿರಲಿಲ್ಲ."

ಮಾತು ಮುಗಿಸಿ ಆಕೆ ಕೂರುತ್ತಿದ್ದ ಸ್ಟೂಲನ್ನು ನೋಡಿದರು. ಅದರ ಮೇಲೆ ತಾವು ಕೂರುವುದಿಲ್ಲ. ಈಗ ಸೂಜಿ ಹಿಡಿಯುವವರು ಅವರೇ ಆದರೂ, ನಿಂತೇ ಹಿಡಿಯುತ್ತಾರಂತೆ.

ಮೊದಲು ಸಂದು ನೋಡಿದೆ. ಫಿಲ್ಟರು ಮರಕ್ಕೆ ಕೂಡುವ ಕಡೆ ರಬ್ಬರ್ ಪಟ್ಟಿ, ಅದರ ಮೇಲೆ ಸಿಲಿಕಾನ್. ಹೊಗೆಯನ್ನು ಅಂಚಿನುದ್ದಕ್ಕೂ ಮೆಲ್ಲಗೆ ಒಯ್ದೆ. ಎಲ್ಲಾದರೂ ಸೋರಿದ್ದರೆ ಅಲ್ಲಿ ಹೊಗೆ ಬೆಚ್ಚಿಬೀಳಬೇಕು. ಬೀಳಲಿಲ್ಲ. ಟಾರ್ಚ್ ಬಿಟ್ಟು ಫಿಲ್ಟರಿನ ಮಡಿಕೆಗಳನ್ನು ನೋಡಿದೆ. ಹರಿದಿರಲಿಲ್ಲ, ನೆನೆದಿರಲಿಲ್ಲ. ಎರಡೂ ಬ್ಲೋವರುಗಳ ರೆಗ್ಯುಲೇಟರ್ ಒಂದೇ ಗುರುತಿನಲ್ಲಿ ನಿಂತಿತ್ತು.

"ಎಡಗಡೆ ಮೋಟ್ರೇ ಹೋಗಿರಬೇಕು ಬಿಡಿ," ಎಂದರು ಯಜಮಾನರು.

"ಹೋದ ಮೋಟ್ರು ಮಾರನೇ ದಿನ ತಾನಾಗೇ ಸರಿಹೋಗುತ್ತಾ? ನೀವೇ ಹೇಳಿದ್ರಿ, ಬೇರೆ ದಿನ ಚೆನ್ನಾಗೇ ಇರುತ್ತೆ ಅಂತ."

ನಾನು ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಇಟ್ಟೆ. ಬಲಗಡೆ ದಪ್ಪ ದನಿ. ಎಡಗಡೆ ಅದಕ್ಕಿಂತ ಸಣ್ಣ, ಚೂಪು ದನಿ.

"ಈ ಸದ್ದು ಯಾವಾಗ್ಲೂ ಹೀಗೇನಾ?"

"ನಿಮಗೂ ಕೇಳಿಸ್ತಾ?" ಅವರ ಮುಖ ಅರಳಿತು. "ನನ್ನ ಭ್ರಮೆ ಅಂದ್ಕೊಂಡಿದ್ದೆ. ಸಂತೆಯಿಂದ ಬಂದಾಗ ಹೀಗೆ ಅಳ್ತಾ ಇರುತ್ತೆ. ಬೆಳಿಗ್ಗೆ ಎದ್ದಾಗ ಸರಿಯಾಗಿರುತ್ತೆ. ನಾನಿದನ್ನ ಆಫ್ ಮಾಡಲ್ಲ ಮೇಡಂ, ಹಗಲೂ ರಾತ್ರಿ ಓಡ್ತಿರುತ್ತೆ. ಆಫ್ ಮಾಡಿದ್ರೆ ಮನೆ ತುಂಬಾ ಸುಮ್ಮನಾಗಿಬಿಡುತ್ತೆ."

ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ನಾನೂ ಒಂಟಿ. ಅಡುಗೆಮನೆಯಲ್ಲಿ ಕೆಲಸವಿದ್ದರೂ ನಡುಮನೆಯಲ್ಲಿ ಟಿವಿ ಹಾಕಿಟ್ಟಿರುತ್ತೇನೆ, ಯಾರು ಏನು ಮಾತಾಡುತ್ತಿದ್ದಾರೆ ಎಂದು ಒಂದು ದಿನವೂ ಕೇಳಿಸಿಕೊಂಡವಳಲ್ಲ. ಮನೆಯಲ್ಲಿ ಒಂದು ದನಿ ಇರಲಿ ಎಂಬ ಆಸೆ ಎಂಥದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೆಲಸ ಕೆಲಸವೇ. ಬ್ಲೋವರಿನ ಬಾಯಿ ಮುಚ್ಚಿದರೆ ಅದರ ದನಿ ಚೂಪಾಗುತ್ತದೆ. ಎಳೆಯಲು ಗಾಳಿ ಸಿಗದೆ ರೆಕ್ಕೆ ಬರಿದೇ ತಿರುಗುತ್ತದೆ. ಹಾಗಾದರೆ ಎಡಗಡೆಯ ಬಾಯಿಗೆ ಏನೋ ಅಡ್ಡ ಬಂದಿದೆ. ಸಂತೆ ದಿನ ಬರುತ್ತದೆ, ರಾತ್ರಿ ಕಳೆಯುವುದರೊಳಗೆ ಹೋಗಿಬಿಡುತ್ತದೆ. ಯಾರೂ ತೆಗೆಯದೆ ತಾನಾಗೇ ಹೋಗುವಂಥದ್ದು ಯಾವುದು?

ಪೆಟ್ಟಿಗೆಯ ಎಡಪಕ್ಕದ ಪ್ಲೈವುಡ್ಡನ್ನು ಬೆರಳಲ್ಲಿ ತಡವಿದೆ. ಹಿಂಭಾಗದಲ್ಲಿ ಒಂದು ಉದ್ದನೆಯ ಸೀಳು, ಅದರ ಬಾಯಲ್ಲಿ ಬಟ್ಟೆಯ ಪಟ್ಟಿಯೊಂದು ಇಣುಕುತ್ತಿತ್ತು. ಎಳೆದೆ. ತಂತಿಬಲೆಯ ಚೌಕಟ್ಟಿನಲ್ಲಿ ಕೂರಿಸಿದ ದಪ್ಪನೆಯ ಸ್ಪಂಜು ಹೊರಗೆ ಬಂತು. ಮೊದಲ ಧೂಳನ್ನು ಇದು ಹಿಡಿದುಕೊಂಡರೆ ಒಳಗಿನ ದುಬಾರಿ ಫಿಲ್ಟರು ಬೇಗ ಹಾಳಾಗುವುದಿಲ್ಲ.

ಸ್ಪಂಜಿನಿಂದ ನನ್ನ ಕಾಲಿನ ಮೇಲೆ ನೀರು ತೊಟ್ಟಿಕ್ಕಿತು.

"ಇದನ್ನ ಯಾವಾಗ ತೊಳೆದ್ರಿ?"

"ಇದು ಅಂದ್ರೆ ಯಾವುದು?" ಅವರು ಬಗ್ಗಿ ನೋಡಿದರು. "ಇಂಥದ್ದೊಂದು ಇದರಲ್ಲಿದೆ ಅಂತಾನೇ ನಂಗೆ ಗೊತ್ತಿರಲಿಲ್ಲ."

ಬಲಗಡೆಯದನ್ನೂ ನೋಡಬೇಕಿತ್ತು. ಆ ಪಕ್ಕ ಗೋಡೆಗೆ ಒತ್ತಿಕೊಂಡಿತ್ತು. ಇಬ್ಬರೂ ಸೇರಿ ಮೇಜಿನ ಸಮೇತ ಪೆಟ್ಟಿಗೆಯನ್ನು ಈಚೆಗೆ ಎಳೆದೆವು. ಒಬ್ಬರಿಂದ ಆಗುವ ಮಾತಲ್ಲ. ಎಳೆಯುತ್ತಿರುವಾಗ ಯಜಮಾನರು ಇದ್ದಕ್ಕಿದ್ದ ಹಾಗೆ ನಿಂತರು.

"ಆಗಾಗ ಕರೀತಿದ್ಲು. 'ಬನ್ರೀ, ಸ್ವಲ್ಪ ಈ ಕಡೆ ಎಳೀರಿ' ಅಂತ. ಎಳೆದುಕೊಟ್ಟು ಒಲೆ ಕಡೆ ಹೋಗ್ತಿದ್ದೆ. ಯಾಕೆ ಅಂತ ಒಂದು ದಿನಾನೂ ಕೇಳಲಿಲ್ಲ."

ಬಲಗಡೆಯ ಸ್ಪಂಜು ಕಂಬಳಿಯಂತಾಗಿತ್ತು. ಒಂದು ಬೇಸಿಗೆಯ ಧೂಳೆಲ್ಲ ಅದರ ಮೇಲೆ ಕೂತಿತ್ತು. ಎಡಗಡೆಯದು ಹೊಸದರಂತೆ ಬೆಳ್ಳಗಿತ್ತು. ಎರಡನ್ನೂ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟೆ.

"ನೋಡಿ ಯಜಮಾನ್ರೇ. ಈ ಮನೆಗೆ ಯಾರೋ ಬರ್ತಿದ್ದಾರೆ. ನೀವು ಸಂತೆಗೆ ಹೋದಾಗ ಬಂದು, ಕೈಗೆ ಸಿಗೋ ಸ್ಪಂಜು ತೊಳೆದು ಹೋಗ್ತಾರೆ. ಗೋಡೆ ಪಕ್ಕದ್ದು ಒಬ್ಬರ ಕೈಲಿ ಆಗಲ್ಲ, ಅದಕ್ಕೇ ಹಾಗೇ ಬಿಟ್ಟಿದ್ದಾರೆ. ನೆಂದ ಸ್ಪಂಜಿನಲ್ಲಿ ಗಾಳಿ ಆಡಲ್ಲ. ನೀವು ಮಧ್ಯಾಹ್ನ ಬಂದು ಅದರ ಮುಂದೆ ತಟ್ಟೆ ತೆರೀತೀರಿ, ಎಡಗಡೆ ಇಟ್ಟಿದ್ದೆಲ್ಲ ಕೆಡುತ್ತೆ. ಬೆಳಗಾಗೋದ್ರಲ್ಲಿ ಒಣಗಿರುತ್ತೆ."

ಅವರು ಸ್ಟೂಲನ್ನು ಹಿಡಿದುಕೊಂಡರು.

"ಅವಳೇ," ಎಂದರು. "ಅವಳಲ್ಲದೆ ಇದನ್ನ ತೊಳೀಬೇಕು ಅಂತ ಯಾರಿಗೆ ಗೊತ್ತು? ಬದುಕಿದ್ದಾಳೆ ಮೇಡಂ."

ಅಷ್ಟು ಸಂತೋಷವನ್ನು ಒಡೆಯಲು ಮನಸ್ಸಾಗಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಈ ಪೆಟ್ಟಿಗೆ ಕಟ್ಟಿದೋರು ನೀರು ಸೋರೋ ಸ್ಪಂಜನ್ನ ಹಾಗೇ ತುರುಕ್ತಾರಾ? ಸಿಲಿಕಾನ್ ಬಳಿದಿರೋ ರೀತಿ ನೋಡಿ. ಇಷ್ಟು ಅಚ್ಚುಕಟ್ಟಿನ ಹೆಂಗಸು ಹಿಂಡದೆ ಇಡ್ತಾಳಾ?"

ಅವರ ಮುಖ ಕಂದಿತು. ಅದನ್ನು ನೋಡಿ ನನಗೇ ಕೆಟ್ಟದೆನಿಸಿತು.

"ನೀವು ಸಂತೆಗೆ ಹೋಗಿದ್ದೀರಾ, ಹೊರಟ್ರಾ ಅಂತ ಯಾರಾದ್ರೂ ವಿಚಾರಿಸ್ತಾರಾ?"

"ಯಾರು ವಿಚಾರಿಸ್ತಾರೆ? ಭಾಮೈದ ಫೋನ್ ಮಾಡ್ತಾನೆ ಅಷ್ಟೇ. 'ಭಾವ, ಸಂತೆ ಮುಟ್ಟಿದ್ರಾ, ಎಷ್ಟೊತ್ತಿಗೆ ಬರ್ತೀರಿ' ಅಂತ. ಒಬ್ಬನೇ ಇದ್ದೀನಿ ಅಂತ ಪಾಪ ನೋಡ್ಕೋತಾನೆ. ಇವತ್ತಂತೂ ಮತ್ತೆ ಮತ್ತೆ ಮಾಡ್ದ."

ಪಾಪ. ಆ ಪಾಪದವನನ್ನು ನಾನು ಬಲ್ಲೆ. ಆಕೆಯ ತಮ್ಮ, ವ್ಯಾನ್ ಓಡಿಸುವವನು. ಅಕ್ಕ ಬಸ್ ಹತ್ತಿದ್ದನ್ನು ಕಣ್ಣಾರೆ ನೋಡಿದೆ ಎಂದು ಪೊಲೀಸರ ಮುಂದೆ ಹೇಳಿದ್ದವನೂ ಅವನೊಬ್ಬನೇ.

"ಪೆಟ್ಟಿಗೆ ಎಳೀಬೇಕು ಬಾ ಅಂತ ಕರೀರಿ," ಎಂದೆ. "ನಾನಿದ್ದೀನಿ ಅನ್ನಬೇಡಿ."

ಅವನು ಬಂದದ್ದು ಅನುಮಾನ ಹುಟ್ಟಿಸುವಷ್ಟು ಬೇಗ. ಪಕ್ಕದ ಬೀದಿಯಲ್ಲೇ ಇದ್ದಿರಬೇಕು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಪೆಟ್ಟಿಗೆ ಎಳೆಯಲು ಬಂದವನು ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ಮೊದಲು ಅಡುಗೆಮನೆಗೆ ಇಣುಕಿದ. ಆಮೇಲೆ ಮಲಗುವ ಕೋಣೆಗೆ. ಆಮೇಲೆ ಹಿತ್ತಲ ಬಾಗಿಲು ತೆರೆದು ನೋಡಿ ಬಂದ.

"ಯಾರನ್ನ ಹುಡುಕ್ತಿದ್ದೀರಿ?" ಎಂದು ಕೇಳಿದೆ.

ಅವನು ತಿರುಗಿ ನನ್ನನ್ನು ನೋಡಿ ಬಿಳಚಿಕೊಂಡ. "ಯಾರನ್ನೂ ಇಲ್ಲ ಮೇಡಂ. ನೀರು ಕುಡಿಯೋಣ ಅಂತ."

"ಮಲಗೋ ಕೋಣೇಲಿ ನೀರು ಇಡ್ತಾರಾ ನಿಮ್ಮ ಭಾವ?"

ನಾನು ಒದ್ದೆ ಸ್ಪಂಜನ್ನು ಅವನ ಕೈಯಲ್ಲಿಟ್ಟೆ. ಏನು, ಎತ್ತ ಎಂದು ಕೇಳಲೂ ಇಲ್ಲ. ಅದನ್ನೇ ನೋಡುತ್ತ ನಿಂತ. ನೀರು ಅವನ ಮೊಣಕೈಗೆ ಇಳಿಯುತ್ತಿತ್ತು.

"ಬಸ್ ಹತ್ತಿದ್ದು ನೋಡಿದೆ ಅಂದ್ರಿ. ಯಾವ ಬಸ್ಸು ಅದು, ನಿಮ್ಮ ವ್ಯಾನಾ?"

"ನಾನು ಮಾತು ಕೊಟ್ಟಿದ್ದೀನಿ ಮೇಡಂ."

"ಯಾರಿಗೆ ಕೊಟ್ಟಿದ್ದೀಯೋ?" ಯಜಮಾನರು ಕೇಳಿದರು. ಅವರ ದನಿ ಏರಲಿಲ್ಲ. ಏರಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. "ಒಂದು ಬೇಸಿಗೆ ಪೂರ್ತಿ ಊಟ ಮಾಡಿದ್ರಾ ಭಾವ ಅಂತ ಫೋನ್ ಮಾಡಿದ್ಯಲ್ಲೋ. ಪಕ್ಕದಲ್ಲಿ ಅವಳು ಕೂತಿರ್ತಿದ್ಲಾ?"

ಅವನು ಗೋಡೆಗೆ ಒರಗಿದ.

"ನಮ್ಮನೇಲೇ ಇದ್ದಾಳೆ ಭಾವ. ಸಂತೆ ದಿನ ನೀವು ಹೊರಟ ಮೇಲೆ ವ್ಯಾನಲ್ಲಿ ಕರ್ಕೊಂಡು ಬರ್ತಿದ್ದೆ. ಬಾಗಿಲ ಹತ್ರ ಬಿಟ್ಟು ಬೀದಿ ಕೊನೇಲಿ ಕಾಯ್ತಿದ್ದೆ. ಒಳಗೆ ಬರೋಕೆ ನಂಗೆ ಬಿಡ್ತಿರಲಿಲ್ಲ. ಪೆಟ್ಟಿಗೆ ನಿಂತುಹೋದ್ರೆ ಅವರೂ ನಿಂತುಹೋಗ್ತಾರೆ ಅಂತಿದ್ಲು."

"ಮತ್ಯಾಕೆ ಹೋದ್ಲು?"

ಅವನು ಸ್ಪಂಜನ್ನು ಎತ್ತಿ ಹಿಡಿದ. "ಇದು ಯಾಕೆ ಇಷ್ಟು ಒದ್ದೆ ಇದೆ ಅಂತ ಯೋಚನೆ ಮಾಡಿದ್ರಾ? ಅವಳ ಬೆರಳು ಮಡಚಲ್ಲ ಭಾವ. ಬರ್ತಾ ಬರ್ತಾ ಬಲ ಹೋಗ್ತಿದೆ, ತಿರುಗಿ ಬರಲ್ಲ ಅಂದಿದ್ದಾರೆ ಡಾಕ್ಟ್ರು. ಮೊದಲು ಸೂಜಿ ಜಾರೋದು. ಆಮೇಲೆ ಲೋಟ. ಎರಡು ಅಂಗೈ ಸೇರಿಸಿ ಒತ್ತಿ ಹಿಡ್ಕೊಂಡು ತೊಳೀತಾಳೆ ಇದನ್ನ. ಮೊದಮೊದಲು ಹೇಗೋ ಹಿಂಡ್ತಿದ್ಲು. ಈಗ ಹಿಂಡೋಕಾಗಲ್ಲ."

"ನಂಗೆ ಹೇಳಬಹುದಿತ್ತಲ್ಲ," ಎಂದರು ಯಜಮಾನರು.

"ಹೇಗೆ ಹೇಳ್ತಾಳೆ? ಬಂದೋರಿಗೆಲ್ಲ ನೀವು ಅವಳ ಕೈಗುಣಾನೇ ಹೊಗಳ್ತಿದ್ರಿ. ಅವಳ ಕೈ ಇಲ್ದಿದ್ರೆ ನಮ್ಮನೆ ಒಲೆ ಉರಿಯಲ್ಲ ಅಂತಿದ್ರಿ. ಕೈಯೇ ಹೋದ್ಮೇಲೆ ಯಾವ ಮುಖ ಇಟ್ಕೊಂಡು ಇಲ್ಲಿರಲಿ ಅಂತ ಅಳ್ತಿದ್ಲು. ತಟ್ಟೆ ಕೆಡೋದನ್ನ ನೀವು ನೋಡಬಾರದು ಅಂತ ಹೊರಟುಬಂದ್ಲು."

ಯಜಮಾನರು ಭಾಮೈದನ ಕೈಯಿಂದ ಸ್ಪಂಜನ್ನು ಇಸಿದುಕೊಂಡರು. ಮೂಲೆಯ ಬಕೆಟ್ಟಿನ ಮೇಲೆ ಹಿಡಿದು ಹಿಂಡಿದರು. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದರು.

"ಹಿಂಡೋಕೆ ನಾನಿದ್ದೆನಲ್ಲ," ಎಂದರು.

ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಇವರ ಮೇಲೆ ಹೊತ್ತಿಕೊಂಡಿದ್ದ ಸಂಶಯ ಅಷ್ಟಕ್ಕೇ ಕರಗಿ ಹೋಯಿತು. ಹೋಗಲಿ, ಕೇಸು ಮುಗಿಯಿತು, ಇನ್ನು ಭಾಮೈದನ ಮನೆಗೆ ಹೋಗಿ ಗಂಡ ಹೆಂಡಿರನ್ನು ಒಂದೆಡೆ ಕೂರಿಸಿ ನಾನು ನನ್ನ ಟಿವಿಯ ಮುಂದೆ ಹೋಗಿ ಕೂರಬಹುದು ಎಂದುಕೊಂಡೆ.

"ನಡಿಯೋ," ಎಂದರು ಯಜಮಾನರು. "ವ್ಯಾನ್ ತೆಗಿ. ಕರ್ಕೊಂಡು ಬರೋಣ."

ಭಾಮೈದ ಅಲುಗಲಿಲ್ಲ.

"ಭಾವ, ಅವಳು ನಮ್ಮನೇಲಿಲ್ಲ."

"ಈಗ ತಾನೇ ಇದ್ದಾಳೆ ಅಂದೆ?"

"ನಿನ್ನೆವರೆಗೂ ಇದ್ಲು. ಬೆಳಿಗ್ಗೆ ಎದ್ದು ನೋಡಿದ್ರೆ ಹಾಸಿಗೆ ಖಾಲಿ. ಮಾತ್ರೆ ಎಲ್ಲಾ ಅಲ್ಲೇ ಬಿಟ್ಟು ಹೋಗಿದ್ದಾಳೆ. ಅದಕ್ಕೇ ನಿಮಗೆ ಅಷ್ಟು ಸಲ ಫೋನ್ ಮಾಡಿದ್ದು. ಇಲ್ಲಿಗೇನಾದ್ರೂ ಬಂದಿರಬಹುದಾ ಅಂತ ಬೀದಿ ಬೀದಿ ತಿರುಗ್ತಿದ್ದೆ."

ಬಂದಿದ್ದಳು. ಬಕೆಟ್ಟಿನಲ್ಲಿ ಬಿದ್ದಿದ್ದ ನೀರೇ ಅದಕ್ಕೆ ಸಾಕ್ಷಿ. ನಾನು ಪೆಟ್ಟಿಗೆಯ ಹತ್ತಿರ ಹೋಗಿ ಸ್ಪಂಜಿನ ಸೀಳಿಗೆ ಟಾರ್ಚ್ ಬಿಟ್ಟೆ. ಕೈಯನ್ನು ಒಳಗೆ ಹಾಕಿ ತಳದ ಹಲಗೆಯನ್ನು ತಡವಿದೆ. ಏನೋ ಲೋಹದ ಚೂರು ಸಿಕ್ಕಿತು. ಹೊರಗೆ ತೆಗೆದೆ. ನೀಲಿ ದಾರ ಕಟ್ಟಿದ ಬಾಗಿಲ ಕೀ.

"ಅಕ್ಕನ್ದು," ಎಂದ ಭಾಮೈದ. "ಹೋದ ವಾರ ಅಂದಿದ್ಲು, ಈ ಸಂತೆ ಕಳೆದ್ಮೇಲೆ ಭಾವ ಮನೇಲಿರೋವಾಗ ಏನಾದ್ರೂ ನೆಪ ಹೇಳಿ ನೀನೇ ಹೋಗಿ ತೊಳಿ ಅಂತ. ಸುಮ್ಮನೆ ಅಂತಾಳೆ ಅಂದ್ಕೊಂಡೆ."

ಅಂದರೆ ಈ ಕೀ ಸಿಗಬೇಕಾಗಿದ್ದದ್ದು ಅವನಿಗೆ, ಮುಂದಿನ ವಾರ ಸ್ಪಂಜು ತೊಳೆಯಲು ಬಂದಾಗ. ಅಲ್ಲಿಯವರೆಗೆ ತಾನು ಇನ್ನು ಬರುವುದಿಲ್ಲ ಎಂಬುದು ಯಾರಿಗೂ ತಿಳಿಯಬಾರದು ಎಂದು ಆಕೆಯ ಲೆಕ್ಕ. ತಿರುಗಿ ಬರುವ ಮನಸ್ಸಿದ್ದವರು ತಮ್ಮ ಮನೆಯ ಕೀಯನ್ನು ಹೀಗೆ ಬಿಟ್ಟು ಹೋಗುವುದಿಲ್ಲ. ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿ ಮುಚ್ಚಿ ಹಿಡಿದರು.

ಅವರ ಮುಷ್ಟಿ ನೋಡುತ್ತಿದ್ದಂತೆ ನನಗೆ ಬೇರೊಂದು ಯೋಚನೆ ಬಂತು. ಮುಂಬಾಗಿಲಿಗೆ ಹೋಗಿ ಬೀಗ ನೋಡಿದೆ. ಎಳೆದುಕೊಂಡರೆ ತಾನಾಗೇ ಬೀಳುವ ಬೀಗ, ಹೋಗುವಾಗ ಕಷ್ಟವಿಲ್ಲ. ಆದರೆ ಹೊರಗಿನಿಂದ ತೆರೆಯಲು ಕೀಯನ್ನು ಬಿಗಿಯಾಗಿ ಹಿಡಿದು ಎರಡು ಸುತ್ತು ತಿರುಗಿಸಬೇಕು. ನಾನೇ ಪ್ರಯತ್ನಿಸಿದೆ. ನನ್ನ ಹೆಬ್ಬೆರಳು ನೊಂದಿತು.

"ಸ್ಪಂಜು ಹಿಂಡೋಕಾಗದ ಕೈ," ಎಂದೆ ಭಾಮೈದನಿಗೆ. "ಈ ಬೀಗ ಹೇಗೆ ತೆಗೀತಿತ್ತು?"

"ಅವಳ ಕೈಲಿ ಎಲ್ಲಿ ಆಗುತ್ತೆ ಮೇಡಂ? ಪ್ರತಿ ಸಲಾನೂ ನಾನೇ ಕೀ ತಿರುಗಿಸಿ ಬಾಗಿಲು ತೆಗೆದುಕೊಡ್ತಿದ್ದೆ."

"ಇವತ್ತು?"

ಅವನು ನನ್ನನ್ನು ನೋಡಿದ, ಆಮೇಲೆ ಭಾವನನ್ನು.

"ಇವತ್ತು ನಾನು ಅವಳ ಜೊತೆ ಬರಲೇ ಇಲ್ಲ," ಎಂದ. "ಮತ್ತೆ ಬಾಗಿಲು ತೆಗೆದುಕೊಟ್ಟೋರು ಯಾರು?"